ಬಿಲ್ಲೆ ಇದ್ದ ಕಡೆ ಎಡ

ನಮ್ಮ ತಳಕಲ್ಲಿನಲ್ಲಿ ಒಬ್ಬ ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಹಿಂದೆಲ್ಲ ಒಂದೇ ದಾರಿ ಇತ್ತು. ಅವನ ಪಕ್ಕದ ಮನೆಯವರನ್ನು ಕೇಳುವುದು. ಅವರು ಒಂದಕ್ಕೆರಡು ಹೇಳುತ್ತಿದ್ದರು, ನಾವು ಅರ್ಧ ಬಿಟ್ಟು ಅರ್ಧ ನಂಬುತ್ತಿದ್ದೆವು, ಸರಿಹೋಗುತ್ತಿತ್ತು. ಹೀಗೆ ಸುಖವಾಗಿದ್ದ ಊರಿಗೆ ಸ್ವಭಾವದ ಶಾಸ್ತ್ರವನ್ನು ಹೊತ್ತು ತಂದವನು ನಮ್ಮ ಎದುರು ಮನೆಯ ಗ್ಯಾನಪ್ಪ. ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ಆದ್ದರಿಂದ ಊರಿನವರಿಗೆ ಮಾತಾಡಲು ಬೇರೆ ವಿಷಯವೂ ಇರಲಿಲ್ಲ.

ಗ್ಯಾನಪ್ಪ ಯಲಬುರ್ಗಿಯ ತಹಶೀಲ ಕಚೇರಿಯಲ್ಲಿ ಚಪರಾಸಿ. ನಿಜಾಮರ ಕಾಲವಾದ್ದರಿಂದ ಕಚೇರಿಗೆ ಶುಕ್ರವಾರ ರಜೆ. ಗುರುವಾರ ಸಂಜೆ ಊರಿಗೆ ಬಂದು ಶನಿವಾರ ನಸುಕಿನಲ್ಲಿ ಹೊರಡುತ್ತಿದ್ದ. ಅವನ ಅಪ್ಪ ಬಂಡಿ ಹೊಡೆದು ಸಂಸಾರ ಸಾಕಿದವನು. ಅಪ್ಪ ಬಂಡಿ ಹೊಡೆಯುವಾಗ ಗ್ಯಾನಪ್ಪ ಬಂಡಿಯಲ್ಲಿ ಮಲಗಿರುತ್ತಿದ್ದ. ಎತ್ತುಗಳ ವಿಷಯವಾಗಿ ಅವನಿಗೆ ಏನೇನು ಗೊತ್ತಿತ್ತೋ ಅದನ್ನೆಲ್ಲ ಅವನು ಮಲಗಿಕೊಂಡೇ ಕಲಿತದ್ದು.

ಅವನಲ್ಲಿ ಒಂದು ಸಣ್ಣ ಕೊರತೆ ಇತ್ತು. ಎಡ ಯಾವುದು, ಬಲ ಯಾವುದು ಎಂಬುದು ಹುಟ್ಟಿದಾಗಿನಿಂದ ಅವನಿಗೆ ಗಟ್ಟಿಯಾಗಿ ತಲೆಗೆ ಹತ್ತಿರಲಿಲ್ಲ. ನೌಕರಿ ಸಿಕ್ಕ ದಿನ ಅದೂ ನಿವಾರಣೆಯಾಯಿತು. ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ. ಕಚೇರಿಯ ಹಿರಿಯ ಗುಮಾಸ್ತರಾದ ಪೇಶ್ಕಾರ ವಿರೂಪಾಕ್ಷಪ್ಪನವರು ಅದನ್ನು ಹಾಕಿಸುವಾಗ, "ಬಿಲ್ಲಿ ಎಡಕ್ಕ ಬರಬೇಕಪಾ, ಸರ್ಕಾರದ ಹುಕುಂ ಐತಿ" ಎಂದರು. ಅಂದಿನಿಂದ ಗ್ಯಾನಪ್ಪನಿಗೆ ಬಿಲ್ಲೆ ಇದ್ದ ಕಡೆ ಎಡ, ಇಲ್ಲದ ಕಡೆ ಬಲ. ಹುಕುಮನ್ನು ಮರೆಯಬಾರದೆಂದು ಊರಿಗೆ ಬಂದಾಗಲೂ ಅವನು ಬಿಲ್ಲೆ ತೆಗೆಯುತ್ತಿರಲಿಲ್ಲ. ಮಲಗುವಾಗ ಪಟ್ಟಿ ಕುತ್ತಿಗೆಗೆ ಸುತ್ತಿಕೊಂಡು ಒಂದೆರಡು ಸಲ ಅವನ ಜೀವಕ್ಕೇ ಬಂದಿತ್ತೆಂದು ಅವನ ಹೆಂಡತಿ ಪಕ್ಕೀರವ್ವ ಹೇಳುತ್ತಿದ್ದಳು.

ಆ ವರ್ಷ ಕಚೇರಿಗೆ ಹೈದರಾಬಾದಿನಿಂದ ಹೊಸ ತಹಶೀಲ್ದಾರರು ಬಂದರು. ಹರೆಯದವರು, ಓದಿದವರು. ಅವರಿಗೆ ಟಪಾಲಿನಲ್ಲಿ ಒಂದು ಇಂಗ್ಲಿಷ್ ಮಾಸಿಕ ಬರುತ್ತಿತ್ತು. ಅದರಲ್ಲಿ ಒಂದು ಸಲ ಮನುಷ್ಯರ ಸ್ವಭಾವವನ್ನು ಪರೀಕ್ಷೆ ಮಾಡುವ ವಿಧಾನ ಅಚ್ಚಾಗಿತ್ತು. ಇಂತಿಷ್ಟು ಪ್ರಶ್ನೆ ಕೇಳಬೇಕು, ಉತ್ತರ ನೋಡಿ ಮನುಷ್ಯ ಯಾವ ಜಾತಿಯ ಸ್ವಭಾವದವನೆಂದು ಹೇಳಬೇಕು. ಸಾಹೇಬರು ಮೊದಲು ಪೇಶ್ಕಾರರನ್ನು ಪರೀಕ್ಷಿಸಿದರು. ಫಲ ಕೇಳಿ ವಿರೂಪಾಕ್ಷಪ್ಪನವರು ಹೊರಗೆ ಬಂದಾಗ ಅವರ ಕಣ್ಣಲ್ಲಿ ನೀರಿತ್ತು.

"ಏನಾತ್ರಿ ಪೇಶ್ಕಾರ್ರ?" ಎಂದು ಗ್ಯಾನಪ್ಪ ಗಾಬರಿಯಿಂದ ಕೇಳಿದ.

"ವಿಲಾಯತ್ಯಾಗ ಕುಂತಾಂವ ನನ್ನ ಮನಸನ್ಯಾಗಿಂದು ಬರದಾನಲ್ಲೋ! ಈ ಮನಿಷ್ಯಾ ಭಾಳ ದುಡೀತಾನ, ಆದ್ರ ಹೆಸರು ಬ್ಯಾರೆಯವ್ರಿಗೆ ಹೋಗ್ತೈತಿ. ಸಿಟ್ಟು ಬರ್ತೈತಿ, ಆದ್ರ ನುಂಗ್ಕೋತಾನ. ಇವನ ಬೆಲಿ ಮನಿಯವ್ರಿಗೆ ತಿಳದಿಲ್ಲ. ಹಿಂಗಂತ ಐತಿ!"

ಗ್ಯಾನಪ್ಪ ಬಾಗಿಲಿಗೆ ಆತು ನಿಂತ. ಅವನೂ ಭಾಳ ದುಡಿಯುತ್ತಿದ್ದ, ಸಿಟ್ಟು ನುಂಗುತ್ತಿದ್ದ, ಅವನ ಬೆಲೆಯೂ ಮನೆಯವರಿಗೆ ತಿಳಿದಿರಲಿಲ್ಲ. ಇಷ್ಟು ದಿನ ಈ ಮೂರು ಸಂಗತಿ ತನಗೊಬ್ಬನಿಗೇ ಗೊತ್ತೆಂದು ತಿಳಿದಿದ್ದ. ಅವನು ಪೇಶ್ಕಾರರ ಕಾಲು ಹಿಡಿದು ಶಾಸ್ತ್ರವನ್ನು ಬಿಡಿಸಿ ಹೇಳಿರೆಂದು ಕೇಳಿಕೊಂಡ.

"ನೋಡಪಾ, ಜಗತ್ತಿನ್ಯಾಗ ಮಂದಿ ಎರಡು ಥರ. ಒಬ್ಬ ಹೊರಮುಖ, ಒಬ್ಬ ಒಳಮುಖ. ಗಂಡ ಹೆಂಡ್ತಿ ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಇದ್ರ ಸಂಸಾರ ಛಲೋ ನಡೀತೈತಂತ. ಇಬ್ಬರೂ ಒಂದ ಥರ ಇದ್ರ ಕೆಟ್ಟಂತ."

ಗ್ಯಾನಪ್ಪ ಬಹಳ ಹೊತ್ತು ವಿಚಾರ ಮಾಡಿದ. ಆಮೇಲೆ ಅವನ ಮುಖ ಅರಳಿತು. "ಎಡದ ಎತ್ತು, ಬಲದ ಎತ್ತು ಅನ್ರಿ ಮತ್ತ! ಬಂಡಿಗೆ ಒಂದು ಎಡದ್ದು ಒಂದು ಬಲದ್ದು ಹೂಡಬೇಕು. ಎರಡೂ ಎಡದ್ದು ಹೂಡಿದ್ರ ಬಂಡಿ ತಗ್ಗಿಗೆ ಬೀಳ್ತೈತಿ."

ಪೇಶ್ಕಾರರಿಗೆ ಊಟದ ಹೊತ್ತಾಗಿತ್ತು. "ಹಂಗಂತ ತಿಳ್ಕೊ" ಎಂದು ಎದ್ದು ಹೋದರು. ಶಾಸ್ತ್ರ ಬೆಳೆಯುವುದು ಹೀಗೆಯೇ.

ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಆದ್ದರಿಂದ ಗ್ಯಾನಪ್ಪ ಅವನ್ನು ಕೈಬಿಟ್ಟ. ಬದಲಿಗೆ ತನ್ನದೇ ಪರೀಕ್ಷೆಯನ್ನು ಕಟ್ಟಿದ. ನಿಂತ ಮನುಷ್ಯ ಹೊರಡುವಾಗ ಮೊದಲು ಎಡಗಾಲು ಎತ್ತಿದರೆ ಅವನು ಎಡದವನು. ಬಲಗಾಲು ಎತ್ತಿದರೆ ಬಲದವನು. ಹೊಸ್ತಿಲ ಹತ್ತಿರ ಮಾತ್ರ ನೋಡಬಾರದು, ಯಾಕೆಂದರೆ ಅಲ್ಲಿ ಎಲ್ಲರೂ ಹಿರಿಯರು ಹೇಳಿಕೊಟ್ಟ ಕಾಲನ್ನೇ ಇಡುತ್ತಾರೆ. ಬಯಲಿನಲ್ಲಿ, ಮೈಮರೆತಿದ್ದಾಗ ನೋಡಬೇಕು. ಗಂಡಸರನ್ನು ಎದುರಿಗೆ ನಿಂತು, "ಬಾರೋ ಇಲ್ಲಿ" ಎಂದು ಕರೆದು, ಬರುವ ಕಾಲನ್ನು ನೋಡಬೇಕು. ಹೆಂಗಸರನ್ನು ಹಾಗೆ ಎದುರಿಗೆ ನಿಲ್ಲಿಸಿ ಕಾಲು ನೋಡುವುದು ಮರ್ಯಾದಸ್ತರ ಲಕ್ಷಣವಲ್ಲ. ಅವರು ಕೊಡ ಹೊತ್ತು ನೀರಿಗೆ ಹೊರಟಾಗ ಹಿಂದಿನಿಂದ, ದೂರದಿಂದ, ಮನಸ್ಸಿನಲ್ಲಿ ತಾಯಿ ಎಂದುಕೊಂಡು ನೋಡಬೇಕು. ಎರಡೂ ಕಡೆ ಎಡ ಬಲದ ಪ್ರಮಾಣಕ್ಕೆ ಸರ್ಕಾರದ ಬಿಲ್ಲೆ ಇದ್ದೇ ಇತ್ತು. ಬಿಲ್ಲೆಯ ಕಡೆಗೆ ಕಂಡ ಕಾಲು ಎಡಗಾಲು.

ಮುಂದಿನ ಶುಕ್ರವಾರ ಅವನು ಊರಿನಲ್ಲಿ ಪರೀಕ್ಷೆ ಆರಂಭಿಸಿದ. ಮೊದಲು ಅವನದೇ ಆಗಬೇಕಿತ್ತು. ತನ್ನ ಕಾಲನ್ನು ತಾನೇ ನೋಡಿಕೊಂಡರೆ ಪಕ್ಷಪಾತವಾಗುತ್ತದೆಂದು ಪಕ್ಕದ ಮನೆಯ ಮರ್ದಾನಸಾಬನಿಗೆ ಬಿಲ್ಲೆ ತೊಡಿಸಿ ಎದುರಿಗೆ ನಿಲ್ಲಿಸಿದ. ಮರ್ದಾನಸಾಬ ದನದ ಸಂತೆಯ ದಲ್ಲಾಳಿ. ಬಿಲ್ಲೆ ಮೈಮೇಲೆ ಬಂದ ಕೂಡಲೇ ಅವನ ದನಿಯೇ ಬದಲಾಯಿತು. "ಏ ಗ್ಯಾನ್ಯಾ, ಹಾಜರಾಗಲೇ!" ಎಂದು ಕೂಗಿದ. ಗ್ಯಾನಪ್ಪ ಬಂದ. ಬಿಲ್ಲೆ ಇಲ್ಲದ ಕಡೆಯ ಕಾಲು ಮೊದಲು ಎದ್ದಿತು. ಗ್ಯಾನಪ್ಪ ಬಲದವನೆಂದು ತೀರ್ಮಾನವಾಯಿತು. ಬಿಲ್ಲೆ ವಾಪಸು ಪಡೆಯುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಪಕ್ಕೀರವ್ವ ನೀರಿಗೆ ಹೊರಟಾಗ ಹಿಂದಿನಿಂದ ನೋಡಿದ. ಎಡಗಾಲು. "ನೋಡ್ರೆಪಾ!" ಎಂದು ಗ್ಯಾನಪ್ಪ ಕಟ್ಟೆಯ ಮೇಲೆ ಕೂತವರಿಗೆಲ್ಲ ಸಾರಿದ. "ನಾ ಬಲ, ನಮ್ಮಾಕಿ ಎಡ. ಬ್ರಹ್ಮ ಹೂಡಿದ ಜೋಡಿ. ಅದಕ್ಕ ನಮ್ಮ ಸಂಸಾರದ ಬಂಡಿ ಇಷ್ಟು ವರ್ಷ ಒಂದು ಕಲ್ಲಿಗೂ ಬಡದಿಲ್ಲ." ಪಕ್ಕೀರವ್ವ ಕೊಡ ಇಳಿಸಿ, ಒಳಗೆ ಹೋಗಿ ಜೋಳ ಬೀಸತೊಡಗಿದಳು.

ಆಮೇಲೆ ಮರ್ದಾನಸಾಬನ ಸರದಿ. ಅವನು ಎಡ ಎಂದು ಬಂತು, ಅವನ ಹೆಂಡತಿ ಅಬೇದಾಬಿ ಬಲ ಎಂದು ಬಂತು. ಅವರದೂ ಬ್ರಹ್ಮ ಹೂಡಿದ ಜೋಡಿಯಾಯಿತು. ಈ ಜೋಡಿಯ ಜಗಳಕ್ಕೆ ನಮ್ಮ ಓಣಿಯ ಗೋಡೆಗಳಿಂದ ಮಣ್ಣು ಉದುರುತ್ತಿತ್ತು. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಅಬೇದಾಬಿಗೆ ಮಾತ್ರ ಫಲ ಅಕ್ಷರಶಃ ಸರಿಯೆನಿಸಿತು.

"ಖರೆ ಐತ್ರಿ. ಜೋಡಿ ಕೂಡಿದ್ದಕ್ಕ ನಮ್ಮ ಜಗಳ ಇಷ್ಟು ರಂಗೇರ್ತೈತಿ. ಬ್ಯಾರೆ ಯಾಂವಾದ್ರೂ ಆಗಿದ್ರ ಮೊದಲನೇ ದಿನ ಓಡಿ ಹೋಗ್ತಿದ್ದ" ಎಂದಳು. ಮರ್ದಾನಸಾಬ ಹೆಮ್ಮೆಯಿಂದ ಮೀಸೆ ತಿರುವಿದ. ಅಂದಿನಿಂದ ಅವರು ಶಾಸ್ತ್ರದ ಒಪ್ಪಿಗೆ ಪಡೆದು ಜಗಳವಾಡತೊಡಗಿದರು.

ನಿಜವಾದ ಅನಾಹುತ ಆದದ್ದು ಮೂಲೆಮನೆಯ ಲಕ್ಷ್ಮಣಪ್ಪನಿಗೆ. ಅವನು, ಅವನ ಹೆಂಡತಿ ಮಾಳವ್ವ ದನಿ ಏರಿಸಿ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಒಂದು ರೊಟ್ಟಿ ಇದ್ದರೆ ಅವಳು ಅವನ ತಾಟಿಗೆ ಹಾಕುವುದು, ಅವನು ಅವಳ ತಾಟಿಗೆ ಹಾಕುವುದು, ಕೊನೆಗೆ ಆ ರೊಟ್ಟಿ ಕರುವಿಗೆ ಹೋಗುವುದು. ಪರೀಕ್ಷೆಯಲ್ಲಿ ಇಬ್ಬರೂ ಬಲ ಎಂದು ಬಂತು.

"ಕೂಡಂಗಿಲ್ಲ" ಎಂದ ಗ್ಯಾನಪ್ಪ ತಲೆ ಆಡಿಸುತ್ತಾ. "ಎರಡೂ ಬಲದ ಎತ್ತು. ಬಂಡಿ ಇವತ್ತಲ್ಲ ನಾಳಿ ಬೀಳೋದ."

ಮಾಳವ್ವ ಆ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಗಂಡನನ್ನು ಕೇಳಿದಳು: "ಕೂಡಲಾರದ ಜೋಡಿ ಅಂದ ಮ್ಯಾಲ ನಿಮಗ ನನ್ನ ಮ್ಯಾಲ ಸಿಟ್ಟು ಬಂದಿರಲಿಕ್ಕೇ ಬೇಕು. ಇಷ್ಟು ವರ್ಷ ಅದನ್ನ ಎಲ್ಲಿ ಮುಚ್ಚಿಟ್ಟೀರಿ?"

"ನನಗ ಸಿಟ್ಟ ಬಂದಿಲ್ಲ ಮಾಳವ್ವ."

"ನೋಡ್ರಿ, ಇನ್ನೂ ಮುಚ್ಚತೀರಿ!"

ಮೋಸ ಹೋದ ಹೆಂಗಸಿನ ದುಃಖ ದೊಡ್ಡದು. ಮಾಳವ್ವ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಲಕ್ಷ್ಮಣಪ್ಪ ಮುಂದಿನ ಒಲೆಯಲ್ಲಿ ತಾನೇ ಹಿಟ್ಟು ಕುದಿಸಿ, ಕೈ ಸುಟ್ಟುಕೊಂಡು, ಎಣ್ಣೆ ಕೇಳಲು ನಮ್ಮ ಮನೆಗೆ ಬರುತ್ತಿದ್ದ. ನಾವು ಎಣ್ಣೆ ಕೊಡುತ್ತಿದ್ದೆವು. ನಾನು, ನನ್ನ ಹೆಂಡತಿ ಕೂಡಿದ ಜೋಡಿಯೆಂದು ಗ್ಯಾನಪ್ಪ ಹೇಳಿದ್ದ. "ಪರೀಕ್ಷ್ಯಾಗ ಎಲ್ಲೋ ತಪ್ಪಾಗೇತಿ" ಎಂದು ನನ್ನ ಹೆಂಡತಿ ಅವತ್ತೇ ಹೇಳಿದ್ದಳು, ಆದರೆ ಅವಳ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಫಲ ಹೇಳುವಾಗ ಗ್ಯಾನಪ್ಪ ಎಡದವರಿಗೂ ಬಲದವರಿಗೂ ಒಂದೇ ಮಾತು ಹೇಳುತ್ತಿದ್ದ. ಭಾಳ ದುಡೀತಿ, ಹೆಸರು ಬ್ಯಾರೆಯವ್ರಿಗೆ. ಸಿಟ್ಟು ನುಂಗತಿ. ನಿನ್ನ ಬೆಲಿ ಮನಿಯವ್ರಿಗೆ ತಿಳದಿಲ್ಲ. ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಅಷ್ಟೇ. ಕೇಳಿದವರೆಲ್ಲ ದಂಗಾದರು. ಮಠದ ಕಟ್ಟೆಯ ಮೇಲೆ ಮಲಗುವುದನ್ನು ಬಿಟ್ಟು ಬೇರೆ ಕೆಲಸ ಮಾಡಿ ಗೊತ್ತಿಲ್ಲದ ಒಬ್ಬ ಹಿರಿಯರು, "ಭಾಳ ದುಡೀತಿ ಅನ್ನೂದು ಹೆಂಗ ಗೊತ್ತಾತಪಾ ನಿನಗ?" ಎಂದು ಅವನ ಕೈಹಿಡಿದು ಅತ್ತರು.

ಸುದ್ದಿ ಯಲಬುರ್ಗಿಗೆ ಮುಟ್ಟಿತು. ಸಾಹೇಬರು ಗ್ಯಾನಪ್ಪನನ್ನು ಕರೆಸಿ, ಪೇಶ್ಕಾರರ ಮುಖಾಂತರ ಎಲ್ಲ ಕೇಳಿ ತಿಳಿದು, ನಕ್ಕು, "ಬಹುತ್ ಖೂಬ್! ನಮ್ಮದೂ ಹೇಳು" ಎಂದು ಕುರ್ಚಿಯಿಂದ ಎದ್ದು ಬಂದರು. ಗ್ಯಾನಪ್ಪ ಅವರ ಕಾಲು ನೋಡಿ, "ಸಾಹೇಬ್ರು ಬಲದ ಎತ್ತು ಅದಾರ್ರಿ" ಎಂದ. ವಿರೂಪಾಕ್ಷಪ್ಪನವರು ಎತ್ತನ್ನು ಬಿಟ್ಟು ಉಳಿದದ್ದನ್ನು ಉರ್ದುವಿಗೆ ತಿರುಗಿಸಿದರು.

"ನಮ್ಮ ಬೇಗಂ ಜೋಡಿ ಹೇಗೆ?" ಎಂದು ಸಾಹೇಬರು ಕೇಳಿದರು.

ಗ್ಯಾನಪ್ಪ ಶಾಸ್ತ್ರಕ್ಕೆ ಮೋಸ ಮಾಡುವವನಲ್ಲ. ಕೈಕಟ್ಟಿ ವಿನಯದಿಂದ ಹೇಳಿದ: "ಬೇಗಂ ಸಾಹೇಬ್ರು ನಡಕೊಂಡು ಹೋಗೂದನ್ನ ನಾ ಹಿಂದಿನಿಂದ ನಿಂತು ನೋಡಬೇಕಾಗ್ತೈತ್ರಿ."

ಇದನ್ನು ಉರ್ದುವಿಗೆ ತಿರುಗಿಸುವ ಅಗತ್ಯ ಬೀಳಲಿಲ್ಲ. ಸಾಹೇಬರಿಗೆ ಅಷ್ಟು ಕನ್ನಡ ಬರುತ್ತಿತ್ತು. ಕಚೇರಿಯ ಗೋಡೆಯ ಮೇಲಿನ ಹಲ್ಲಿ ಕೂಡ ಸುಮ್ಮನಾಯಿತು. ಅರ್ಧ ಗಂಟೆಯೊಳಗೆ ಗ್ಯಾನಪ್ಪ ಒಂದು ದೊಡ್ಡ ಟಪಾಲಿನ ಗಂಟು ಹೊತ್ತು ನಡೆದುಕೊಂಡೇ ಕುಷ್ಟಗಿಗೆ ಹೊರಟಿದ್ದ. ಆ ಗಂಟಿನ ಬಗ್ಗೆ ಯಾರಿಗೂ ಯಾವ ಅವಸರವೂ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಇಲ್ಲಿಯವರೆಗೆ ಕೆಟ್ಟದ್ದು ಬೇರೆಯವರ ಸಂಸಾರ. ಇನ್ನು ಅವನದೇ ಮನೆಗೆ ಬಂತು.

ಗ್ಯಾನಪ್ಪನಿಗೆ ಒಬ್ಬಳೇ ಮಗಳು, ಗಾಳೆಮ್ಮ. ಕುಷ್ಟಗಿ ಕಡೆಯ ಮುದಿಯಪ್ಪನ ಮಗ ದ್ಯಾವಪ್ಪನಿಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಸಕ್ಕರೆ ತಿನ್ನುವ ಶಾಸ್ತ್ರವೊಂದು ಉಳಿದಿತ್ತು. ನಮ್ಮಲ್ಲಿ ಎರಡೂ ಕಡೆಯವರು ಕೂತು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮಾತು ಗಟ್ಟಿ. ಗಾಳೆಮ್ಮ ದ್ಯಾವಪ್ಪನನ್ನು ಸೋದರತ್ತೆಯ ಮಗಳ ಮದುವೆಯಲ್ಲಿ ನೋಡಿದ್ದಳು. ಹಂದರದ ಗಳ ಜಾರಿ ಬೀಳುವಾಗ ಹುಡುಗ ಓಡಿ ಬಂದು ಹೆಗಲು ಕೊಟ್ಟು, ಮಂಗಳಾರತಿ ಮುಗಿಯುವ ತನಕ ಹಾಗೆಯೇ ನಿಂತಿದ್ದನಂತೆ. ಅವತ್ತಿನಿಂದ ಆ ಹುಡುಗಿ ಮಾತಿನ ನಡುವೆ ಹಂದರದ ವಿಷಯ ತರುತ್ತಿದ್ದಳು. ನಮ್ಮ ಹುಡುಗಿಯರು ಮನಸ್ಸನ್ನು ಇದಕ್ಕಿಂತ ಬಿಚ್ಚಿ ಹೇಳುವುದಿಲ್ಲ. ನನಗೂ ಆ ಜೋಡಿ ಕಣ್ಣಿಗೆ ಕಟ್ಟಿದಂತಿತ್ತು.

ಕುಷ್ಟಗಿಗೆ ಹೋದ ಗ್ಯಾನಪ್ಪ, ಬಂದದ್ದು ಬಂದೆ ಎಂದು ಅಳಿಯನಾಗುವ ಹುಡುಗನ ಹೊಲಕ್ಕೆ ಹೋದ. ಹುಡುಗ ದೂರದಲ್ಲಿ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುತ್ತಿದ್ದ. ಗ್ಯಾನಪ್ಪ ಬದುವಿನ ಮೇಲೆ ನಿಂತು, "ಬಾರೋ ತಮ್ಮಾ" ಎಂದು ಕೂಗಿ, ಬರುವ ಕಾಲನ್ನು ನೋಡಿದ. ಬಿಲ್ಲೆಯ ಕಡೆಯ ಕಾಲು. ಅವನು ಬಿಲ್ಲೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ. ಗಾಳೆಮ್ಮ ಎಡದವಳೆಂದು ಅವನು ಎಂದೋ ನೋಡಿದ್ದ. ಹುಡುಗ ಕಾಲಿಗೆ ಬಿದ್ದು, "ಮಾವಾರ, ಮಜ್ಜಿಗಿ ಕುಡೀರಿ" ಎಂದರೆ, ಗ್ಯಾನಪ್ಪ, "ಎಡದಾವನ ಮಜ್ಜಿಗಿ ಎಡದಾಕಿ ಅಪ್ಪ ನಾ ಹೆಂಗ ಕುಡೀಲೋ" ಎಂದು ತಿರುಗಿ ನೋಡದೆ ಬಂದುಬಿಟ್ಟ. ಹುಡುಗನಿಗೆ ತನ್ನ ಮಜ್ಜಿಗೆಯಲ್ಲಿ ಏನು ತಪ್ಪೆಂದು ತಿಳಿಯಲಿಲ್ಲ.

ಊರಿಗೆ ಬಂದವನೇ ಹೆಂಡತಿಗೆ, "ಈ ಸಂಬಂಧ ಬ್ಯಾಡ" ಎಂದ.

"ಯಾಕ್ರಿ? ಹುಡುಗ ಕುಡೀತಾನೇನು?"

"ಇಲ್ಲ."

"ಇಸ್ಪೇಟ ಆಡ್ತಾನೇನು?"

"ಅದೆಲ್ಲ ಆಗಿದ್ರ ಬಿಡಿಸಬಹುದಿತ್ತು. ಅಂವ ಎಡದಾಂವ ಅದಾನ!"

ಪಕ್ಕೀರವ್ವ ಒಲೆಯ ಉರಿ ಸಣ್ಣದು ಮಾಡಿದಳು. ಅವಳು ಕೂಗಾಡುವ ಹೆಂಗಸಲ್ಲ. ಮಗಳ ಮುಖ ನೋಡಿದಳು. ಗಾಳೆಮ್ಮ ರೊಟ್ಟಿ ತಟ್ಟುತ್ತಿದ್ದವಳು ತಟ್ಟುತ್ತಲೇ ಇದ್ದಳು. ರೊಟ್ಟಿ ಹಿಟ್ಟು ನಾದುವ ಕೊಣಮಿಗೆಯ ಅಂಚು ದಾಟಿ ಹರಿದುಹೋದರೂ ತಟ್ಟುತ್ತಿದ್ದಳು. ಕಣ್ಣೀರು ಹಿಟ್ಟಿನಲ್ಲಿ ಬೀಳುತ್ತಿತ್ತು.

ಮರುದಿನದಿಂದ ತಾಯಿ ಮಗಳು ಕೂಡಿ ಹಿತ್ತಲಿನಲ್ಲಿ ಒಂದು ಅಭ್ಯಾಸ ಹಿಡಿದರು. ಗಾಳೆಮ್ಮ ಕೊಡ ಹೊತ್ತು ನಿಲ್ಲುವುದು, ತಾಯಿ "ಹೂಂ" ಎನ್ನುವುದು, ಮಗಳು ಬಲಗಾಲು ಮೊದಲಿಡುವುದು. ಓಣಿಯ ಹೆಂಗಸರೆಲ್ಲ ಗೋಡೆಯ ಮೇಲಿಂದ ಇಣುಕಿ ಧೈರ್ಯ ಹೇಳುತ್ತಿದ್ದರು. ಅಬೇದಾಬಿಯಂತೂ, "ಬಲ! ಬಲ!" ಎಂದು ಕೂಗಿ ಮರ್ದಾನಸಾಬನ ಮಧ್ಯಾಹ್ನದ ನಿದ್ದೆ ಕೆಡಿಸಿ, ಅದರ ಮೇಲೆ ಒಂದು ಕೂಡಿದ ಜಗಳವನ್ನೂ ಆಡಿದಳು. ಶುಕ್ರವಾರ ಗಾಳೆಮ್ಮ ಅಪ್ಪನ ಕಣ್ಣೆದುರಿಗೆ ಬಲಗಾಲಿಟ್ಟು ನೀರಿಗೆ ಹೊರಟಳು. ಗ್ಯಾನಪ್ಪ ಕಟ್ಟೆಯ ಮೇಲಿಂದಲೇ ನಿಟ್ಟುಸಿರುಬಿಟ್ಟ.

"ಅದು ಕಳ್ಳ ಹೆಜ್ಜಿ ಮಗಳಾ. ಹುಟ್ಟುಗುಣ ಹೆಜ್ಜಿ ಬದಲಿ ಮಾಡಿದ್ರ ಹೋಗಂಗಿಲ್ಲ. ನಾ ನಿನ್ನ ಛಲೋಕ ಹೇಳಾಕತ್ತೇನಿ" ಎಂದ. ಅವನಿಗೆ ಮಗಳ ಮೇಲೆ ಜೀವ. ಅದೇ ಗೋಳು. ಕೆಟ್ಟವನಾಗಿದ್ದರೆ ಓಣಿಯವರೆಲ್ಲ ಕೂಡಿ ಬೈದು ಸರಿಮಾಡಬಹುದಿತ್ತು.

ಇಷ್ಟಾದರೂ, ಸಂಬಂಧ ಬೇಡವೆಂದು ಮುದಿಯಪ್ಪನಿಗೆ ಹೇಳಿಕಳಿಸಲು ಗ್ಯಾನಪ್ಪನಿಗೆ ಧೈರ್ಯ ಸಾಲಲಿಲ್ಲ. ಬೀಗರು ಸಕ್ಕರೆಗೆ ಗೊತ್ತುಮಾಡಿದ ಶುಕ್ರವಾರ ಬಂಡಿ ಕಟ್ಟಿಕೊಂಡು ಬಂದೇಬಿಟ್ಟರು. ಮುದಿಯಪ್ಪ ಎತ್ತರದ ಆಳು, ಬಿಗಿದ ಮುಖ, ಬಿಳಿ ರುಮಾಲು. ಎತ್ತುಗಳನ್ನು ಅವನು ಮಗನಷ್ಟೇ ಅಕ್ಕರೆಯಿಂದ ಸಾಕಿದ್ದ, ಒಂದು ಬಿಳಿ, ಒಂದು ಕೆಂದ. ಹೋಳಿಗೆ ಊಟ ಚೆನ್ನಾಗಿ ನಡೆಯಿತು. ಓಣಿಯವರೆಲ್ಲ ಕೂಡಿದ್ದೆವು. ಪಕ್ಕೀರವ್ವ ತಟ್ಟೆಗೆ ಸಕ್ಕರೆ ಸುರಿದಳು. ಆಗ ಗ್ಯಾನಪ್ಪ ಎದ್ದು ನಿಂತು, ಬಿಲ್ಲೆ ಸರಿಮಾಡಿಕೊಂಡ.

"ಬೀಗರ, ಸಕ್ಕರಿ ತಿನ್ನೂಕಿಂತ ಮೊದಲ ಒಂದು ಮಾತು. ನಿಮ್ಮ ಮಗ ಎಡದಾಂವ ಅದಾನ. ನನ್ನ ಮಗಳೂ ಎಡದಾಕಿ. ವಿಲಾಯತ್ಯಾಗ ಇಂಥಾ ಮದಿವಿ ಮಾಡಂಗಿಲ್ಲ."

ಮುದಿಯಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಕಟ್ಟೆಯ ಹಿರಿಯರು ಎತ್ತಿನ ಉದಾಹರಣೆ ಕೊಟ್ಟು ಬಿಡಿಸಿ ಹೇಳಿದರು. ಆಗ ಅರ್ಥವಾಯಿತು, ಅರ್ಥವಾದದ್ದೇ ತಪ್ಪಾಯಿತು.

"ನನ್ನ ಮಗಗ ಎಡ ಅಂತೀಯಾ? ನಮ್ಮ ಮನಿತನದಾಗ ಏಳು ತಲಿ ಎಲ್ಲಾರೂ ಬಲ! ಏ ದ್ಯಾವ್ಯಾ, ಏಳು. ಬಂಡಿ ಹೂಡು. ಈ ಮನ್ಯಾಗ ಇನ್ನ ಹನಿ ನೀರೂ ಬ್ಯಾಡ!"

ದ್ಯಾವಪ್ಪ ಏಳಲಿಲ್ಲ. ಅವನು ಸಕ್ಕರೆಯ ತಟ್ಟೆಯನ್ನು ನೋಡುತ್ತಾ ಕೂತಿದ್ದ. ಬಾಗಿಲ ಸಂದಿಯಲ್ಲಿ ಗಾಳೆಮ್ಮನ ಸೀರೆಯ ಸೆರಗು ಕಾಣುತ್ತಿತ್ತು, ಅದು ಅಲುಗುತ್ತಿರಲಿಲ್ಲ. ನನಗೆ ಗ್ಯಾನಪ್ಪನ ಬಿಲ್ಲೆ ಕಿತ್ತು ಬಾವಿಗೆ ಎಸೆಯಬೇಕೆನಿಸಿತು.

ಬೀಗರು ಮುನಿಸಿಕೊಂಡು ಹೊರಟರೂ ಮರ್ಯಾದೆ ಬಿಡಬಾರದಲ್ಲ. "ನೀವ ಕುಂದರ್ರಿ ಬೀಗರ, ಬಂಡಿ ನಾ ಹೂಡ್ತೇನಿ" ಎಂದು ಗ್ಯಾನಪ್ಪ ತಾನೇ ಹೊರಗೆ ಓಡಿದ. ಮುದಿಯಪ್ಪ ಒಳಗಿನಿಂದಲೇ, "ಬಿಳೇದು ಎಡಕ್ಕ! ಕೆಂದ ಬಲಕ್ಕ!" ಎಂದು ಗುಡುಗಿದ. ಗ್ಯಾನಪ್ಪ ಬಂಡಿಯ ಮುಂದೆ, ನೊಗಕ್ಕೆ ಎದುರಾಗಿ ನಿಂತು, ಬಿಲ್ಲೆ ನೋಡಿಕೊಂಡು, ಬಿಳಿ ಎತ್ತನ್ನು ಬಿಲ್ಲೆಯ ಕಡೆಗೆ, ಕೆಂದೆತ್ತನ್ನು ಇನ್ನೊಂದು ಕಡೆಗೆ ಶ್ರದ್ಧೆಯಿಂದ ಹೂಡಿದ. ಮುದಿಯಪ್ಪ ಯಾರ ಮುಖವನ್ನೂ ನೋಡದೆ, ಮಗ ಹತ್ತಿದನೇ ಎಂದೂ ನೋಡದೆ, ಎತ್ತುಗಳ ಮುಖವನ್ನೂ ನೋಡದೆ, ಹತ್ತಿ ಕೂತು ಬಾರುಕೋಲು ಬೀಸಿದ.

ಹುಟ್ಟಿದಾಗಿನಿಂದ ಎಡಕ್ಕೆ ನಡೆದ ಎತ್ತು ಬಲಕ್ಕೆ ಬಂದಿತ್ತು. ಬಲದ್ದು ಎಡಕ್ಕೆ ಬಂದಿತ್ತು. ಎರಡೂ ತಮ್ಮ ತಮ್ಮ ಜಾಗ ಹುಡುಕಿಕೊಂಡು ಒಂದರ ಮೇಲೊಂದು ಒರಗಿದವು, ನೊಗ ವಾರೆಯಾಯಿತು, ಬಂಡಿ ಒಂದು ಸುತ್ತು ತಿರುಗಿ, ನಮ್ಮ ಕಟ್ಟೆಯ ಕಲ್ಲು ಕಿತ್ತು, ಲಕ್ಷ್ಮಣಪ್ಪನ ತಿಪ್ಪೆಗೆ ನೆಟ್ಟಗೆ ಹೋಗಿ ನಿಂತಿತು. ಮುದಿಯಪ್ಪ ಮಾತ್ರ ನಿಲ್ಲಲಿಲ್ಲ. ಅವನು ಮುಂದೆ ಹೋಗಿ ತಿಪ್ಪೆಯ ನಡುವೆ ಮೊಣಕಾಲು ಮಟ ಇಳಿದ. ಬಿಳಿ ರುಮಾಲು ಒಂದು ಮಾತ್ರ ಬಿಳಿಯಾಗಿ ಉಳಿಯಿತು.

"ಯಾವ ಮಗ ಈ ಬಂಡಿ ಹೂಡಿದಾಂವ?"

"ನಾನ್ರಿ" ಎಂದ ಗ್ಯಾನಪ್ಪ. "ನೀವು ಹೇಳಿದಂಗ ಹೂಡೇನಿ. ಬಿಳೇದು ಎಡಕ್ಕ ಐತಿ, ನೋಡ್ರಿ." ಓಡಿ ಹೋಗಿ ಎತ್ತುಗಳ ಎದುರಿಗೆ ನಿಂತು ಬಿಲ್ಲೆ ಮುಟ್ಟಿ ತೋರಿಸಿದ. "ಬಿಲ್ಲಿ ಕಡೆ."

ಮುದಿಯಪ್ಪ ತಿಪ್ಪೆಯಿಂದ ಕಾಲು ಕಿತ್ತು ಬಂದ. ಹೊಡೆಯುತ್ತಾನೆಂದು ನಾವು ಕಣ್ಣುಮುಚ್ಚಿದೆವು. ಅವನು ಹೊಡೆಯಲಿಲ್ಲ. ಗ್ಯಾನಪ್ಪನ ಎರಡೂ ಹೆಗಲು ಹಿಡಿದು, ಗರ್ರನೆ ತಿರುಗಿಸಿ, ಎತ್ತುಗಳಿಗೆ ಬೆನ್ನು ಮಾಡಿ ನಿಲ್ಲಿಸಿದ. ಈಗ ಎತ್ತುಗಳು ಯಾವ ಕಡೆಗೆ ನೋಡುತ್ತಿದ್ದವೋ ಗ್ಯಾನಪ್ಪನೂ ಆ ಕಡೆಗೇ ನೋಡುತ್ತಿದ್ದ.

"ಈಗ ಹೇಳು. ಬಿಲ್ಲಿ ಕಡೆ ಯಾವ ಎತ್ತೈತಿ?"

ಗ್ಯಾನಪ್ಪ ಹೆಗಲ ಮೇಲಿಂದ ಹಿಂದಕ್ಕೆ ನೋಡಿದ. ಬಿಲ್ಲೆಯ ಕಡೆಗೆ ಕೆಂದೆತ್ತು ನಿಂತಿತ್ತು. ಮತ್ತೆ ತಿರುಗಿ ಎದುರು ನಿಂತು ನೋಡಿದ. ಬಿಳಿ ಎತ್ತು. ಮತ್ತೆ ಬೆನ್ನು ಮಾಡಿದ. ಕೆಂದೆತ್ತು. ಎತ್ತುಗಳು ನಿಂತಲ್ಲೇ ನಿಂತಿದ್ದವು, ಸರ್ಕಾರದ ಎಡ ಮಾತ್ರ ಅತ್ತಿಂದಿತ್ತ ಓಡಾಡುತ್ತಿತ್ತು. "ಇದೇನ್ರಿ ಇದು" ಎಂದು ಅವನು ಬಿಲ್ಲೆಯನ್ನು ಉಗುರಿನಿಂದ ತಟ್ಟಿ ನೋಡಿದ.

"ಎದುರಿಗೆ ನಿಂತಾವನ ಎಡ ನಿನ್ನ ಬಲಕ್ಕ ಬರ್ತೈತಲೋ ಹುಚ್ಚಪ್ಯಾಲಿ! ಹಿಂದ ನಿಂತು ನೋಡಬೇಕು!" ಎಂದು ಮುದಿಯಪ್ಪ ಕೂಗಿದ.

ಮೊದಲು ಬಾಯಿ ಬಿಟ್ಟವಳು ಪಕ್ಕೀರವ್ವ. ಸಕ್ಕರೆಯ ತಟ್ಟೆಯನ್ನು ಅವಳು ಇನ್ನೂ ಕೆಳಗಿಟ್ಟಿರಲಿಲ್ಲ.

"ಏನ್ರಿ, ಹೆಂಗಸರನ್ನ ನೀವು ಹಿಂದ ನಿಂತು ನೋಡೀರಿ, ಹೌದಲ್ಲ?"

"ಹೌದು. ಮರ್ಯಾದಿ ಪ್ರಶ್ನೆ."

"ಗಂಡಸರನ್ನ ಎದುರಿಗೆ ನಿಂತು ನೋಡೀರಿ?"

"ಹೌದು."

"ಹಂಗಾದ್ರ ಊರಾಗಿನ ಗಂಡಸರದೆಲ್ಲ ಉಲ್ಟಾ ಆತು. ಹುಡುಗ ಎಡ ಅಲ್ಲ, ಬಲ. ನಮ್ಮ ಗಾಳೆಮ್ಮ ಎಡ." ಅವಳು ಮುದಿಯಪ್ಪನ ಕಡೆಗೆ ತಿರುಗಿ ಸೆರಗು ಹೊದ್ದುಕೊಂಡಳು. "ಅಣ್ಣಾರ, ಕಾಲಿಗೆ ನೀರು ಕೊಡ್ತೇನಿ, ತೊಳಕೊಂಡು ಒಳಗ ಬರ್ರಿ."

ಮುದಿಯಪ್ಪ ತನ್ನ ಕಾಲು ನೋಡಿಕೊಂಡ, ಮಗನ ಮುಖ ನೋಡಿದ. "ನಾ ಮೊದಲ ಹೇಳಿದ್ದೆ, ನನ್ನ ಮಗ ಬಲ ಅಂತ" ಎಂದ ಗಂಭೀರವಾಗಿ. "ಪರೀಕ್ಷಾ ಖರೆ ಐತಿ ತಂಗೆವ್ವಾ. ಪರೀಕ್ಷಾ ಮಾಡಾಂವ ಸುಳ್ಳು."

ನೋಡಿ, ಮನುಷ್ಯನ ಬುದ್ಧಿ ಹೇಗಿದೆ. ಇಷ್ಟಾದ ಮೇಲೂ ಶಾಸ್ತ್ರ ಸುಳ್ಳೆಂದು ಒಬ್ಬನೂ ಹೇಳಲಿಲ್ಲ. ಎಲ್ಲರೂ ಗಂಡಸರ ಫಲವನ್ನು ತಿರುಗುಮುರುಗು ಮಾಡಿಕೊಂಡು ಹೊಸದಾಗಿ ನಂಬತೊಡಗಿದರು. "ನಾವಿಬ್ರೂ ಬಲ! ಅದಕ್ಕ ದಿನಾ ಬಡದಾಡ್ತೀವಿ, ನನಗ ಮೊದಲ ಅನಸಿತ್ತು" ಎಂದಳು ಅಬೇದಾಬಿ. "ನಿನಗೇನ ಅನಸಿತ್ತು, ನನಗ ಅನಸಿತ್ತು" ಎಂದ ಮರ್ದಾನಸಾಬ. ನನ್ನ ಹೆಂಡತಿ ನನ್ನ ಕಡೆ ನೋಡಿ, "ನಾ ಹೇಳಿರಲಿಲ್ಲೇನು?" ಎಂದಳು. ಮಾಳವ್ವ ಹಿತ್ತಲಿಗೆ ಹೋಗಿ, ಮೂರು ಕಲ್ಲಿನ ಒಲೆಯನ್ನು ಕಾಲಿನಿಂದ ಒದ್ದು, ಗಡಿಗೆ ಎತ್ತಿಕೊಂಡು ಮುಂದಿನ ಒಲೆಯ ಮೇಲೆ ತಂದಿಟ್ಟಳು. ಲಕ್ಷ್ಮಣಪ್ಪ ಸುಟ್ಟ ಕೈ ಮರೆಮಾಡಿಕೊಂಡು ನಿಂತಿದ್ದ, ಅವಳು ಅದನ್ನು ಹಿಡಿದು ನೋಡಿ ಅತ್ತಳು.

"ಗಾಳೆಮ್ಮಾ, ಸಕ್ಕರಿ ಕೊಡು ಬಾ" ಎಂದು ತಾಯಿ ಕರೆದಳು. ಗಾಳೆಮ್ಮ ಬಂದಳು. ಮೊದಲು ಯಾವ ಕಾಲಿಟ್ಟಳೆಂದು ನಾವೆಲ್ಲ ಕಣ್ಣಿಟ್ಟು ನೋಡಿದೆವು, ಆದರೆ ಯಾರಿಗೂ ಕಾಣಲಿಲ್ಲ. ಹುಡುಗಿ ಓಡಿ ಬಂದಿದ್ದಳು. ದ್ಯಾವಪ್ಪ ಸಕ್ಕರೆಯನ್ನು ಚಿಟಿಕೆಯಲ್ಲಿ ತೆಗೆದುಕೊಳ್ಳುವ ಬದಲು ಮುಷ್ಟಿಯಲ್ಲಿ ತೆಗೆದುಕೊಂಡ. ಎಲ್ಲರೂ ನಕ್ಕರು, ಮುದಿಯಪ್ಪ ಕೂಡ.

ಸಂಜೆ ಬೀಗರ ಬಂಡಿಯನ್ನು ದ್ಯಾವಪ್ಪನೇ ಹೂಡಿದ. ಗ್ಯಾನಪ್ಪನನ್ನು ಹತ್ತಿರ ಬಿಡಲಿಲ್ಲ. ಬಂಡಿ ಮರೆಯಾದ ಮೇಲೆ ಗ್ಯಾನಪ್ಪ ಕಟ್ಟೆಯ ಮೇಲೆ ಕೂತು, ಬಿಲ್ಲೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಬೆರಳು ಮಡಚುತ್ತಾ ಏನೋ ಹೊಂದಿಸುತ್ತಿದ್ದ. ಪಕ್ಕೀರವ್ವ ಅಂಗಳದ ತುಂಬ ಬಿದ್ದ ಎಂಜಲೆಲೆ ಬಳಿಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅವನು ತಲೆ ಎತ್ತಿದ.

"ಏ ಇಕಿನ, ಮರ್ದಾನಸಾಬ ನನ್ನ ಎದುರಿಗೆ ನಿಂತು ನೋಡಿದ್ದ."

"ಹೂಂ."

"ಹಂಗಾದ್ರ ನಾನೂ ಎಡ ಆದೆ. ನೀನೂ ಎಡ. ಎರಡೂ ಎಡದ ಎತ್ತು!" ಅವನು ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟ. "ಮತ್ತ ಇಷ್ಟು ವರ್ಷ ನಮ್ಮ ಸಂಸಾರದ ಬಂಡಿ ಬೀಳಲಾರದ ಹೆಂಗ ನಡೀತು?"

ಪಕ್ಕೀರವ್ವ ಬಳಿಯುವುದನ್ನು ನಿಲ್ಲಿಸಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಯಾವಾಗ ಎತ್ತ ಆಗಿದ್ರಿ? ನೀವು ಬಂಡ್ಯಾಗ ಕುಂತಾವ್ರು. ಗಟ್ಟಿ ಹಿಡಕೊಂಡು ಕುಂದರ್ರಿ."